ಗಿಟ್ ಉತ್ತರ ಕೊಟ್ಟು ಪರದೆ ಹಿಡಿದಿಡುವುದೇಕೆ? ಪೇಜರ್ ಕಗ್ಗಂಟಿನ ಹಿನ್ನೆಲೆ

ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ಗೆ ‘ಗಿಟ್ ಲಾಗ್’ ಎಂಬ ಆದೇಶ ಕೊಟ್ಟರೆ ಒಬ್ಬರ ಪರದೆಯಲ್ಲಿ ಬಣ್ಣದ ಸಾಲುಗಳು, ಪಕ್ಕದವರ ಪರದೆಯಲ್ಲಿ ‘ಇಎಸ್‌ಸಿ[33ಎಮ್’ ಎಂಬ ಕಸ. ಒಬ್ಬರಿಗೆ ಮೂರು ಸಾಲು ಬಂದು ಪ್ರಾಂಪ್ಟ್ ಮರಳುತ್ತದೆ, ಇನ್ನೊಬ್ಬರಿಗೆ ‘ಎಂಡ್’ ಎಂದು ನಿಂತು, ಕ್ಯೂ ಒತ್ತುವವರೆಗೆ ಕದಲುವುದಿಲ್ಲ. ಇಬ್ಬರದೂ ಒಂದೇ ಆವೃತ್ತಿಯ ಗಿಟ್.

ವ್ಯತ್ಯಾಸದ ಮೂಲ ಪೇಜರ್, ಅಂದರೆ ಉದ್ದದ ಉತ್ತರವನ್ನು ಪುಟಪುಟವಾಗಿ ತೋರಿಸುವ ತಂತ್ರಾಂಶ. ಅಂಥ ‘ಮೋರ್’ 1978ರಲ್ಲಿ ಬರ್ಕ್‌ಲಿಯಲ್ಲಿ ಹುಟ್ಟಿತು. ಹಿಂದಕ್ಕೂ ಸರಾಗವಾಗಿ ಸರಿಯುವ ‘ಲೆಸ್’ ಎಂಬತ್ತರ ದಶಕದ್ದು. 2005ರಲ್ಲಿ ಬಂದ ಗಿಟ್ ಲೆಸ್‌ನ ಕೈ ಹಿಡಿಯಿತು.

ತೊಡಕು ಶುರುವಾಗುವುದು ಇಲ್ಲಿಂದ. ಲೆಸ್ ತಂತ್ರಾಂಶ ತನ್ನ ಆಯ್ಕೆಗಳನ್ನು ಅದೇ ಹೆಸರಿನ ‘ಲೆಸ್’ ಎನ್ವಿರಾನ್‌ಮೆಂಟ್ ವೇರಿಯಬಲ್‌ನಿಂದ (ತಂತ್ರಾಂಶಗಳು ಓದುವ ಹೆಸರಿಟ್ಟ ಬೆಲೆ) ಓದುತ್ತದೆ. ಅದು ಇಲ್ಲದಿದ್ದರೆ ಮಾತ್ರ ಗಿಟ್ ಅದಕ್ಕೆ ತನ್ನ ಬೆಲೆ ತುಂಬುತ್ತದೆ. ಮೊದಲು ಆ ಬೆಲೆ ಎಫ್‌ಆರ್‌ಎಸ್‌ಎಕ್ಸ್ ಆಗಿತ್ತು, ಒಂದೊಂದು ಅಕ್ಷರವೂ ಒಂದೊಂದು ಆಯ್ಕೆ. ಎಫ್ ಇದ್ದರೆ ಒಂದೇ ಪರದೆಯಲ್ಲಿ ಹಿಡಿಸುವ ಉತ್ತರಕ್ಕೆ ಲೆಸ್ ತಾನೇ ಮುಚ್ಚಿಕೊಳ್ಳುತ್ತದೆ. ಆರ್ ಬಣ್ಣ ಉಳಿಸುತ್ತದೆ. ಎಸ್ ಉದ್ದದ ಸಾಲನ್ನು ಪರದೆಯ ಅಂಚಿನಲ್ಲಿ ಕತ್ತರಿಸುತ್ತದೆ. ಡಿಫ್ (ಎರಡು ಆವೃತ್ತಿಗಳ ವ್ಯತ್ಯಾಸದ ಪಟ್ಟಿ) ಓದುವವರಿಗೆ ಸಾಲಿನ ಬಾಲದಲ್ಲಾದ ಬದಲಾವಣೆಯೇ ಕಾಣದಿದ್ದರೆ ಅದು ಸಣ್ಣ ಸಂಗತಿಯಲ್ಲ. 2014ರಲ್ಲಿ ಗಿಟ್‌ನ 2.1ನೇ ಆವೃತ್ತಿ ಎಸ್ ಅನ್ನು ಕೈಬಿಟ್ಟಿತು. ಇನ್ನೂ ಮೊದಲೇ ಬಿಡಬೇಕಿತ್ತು.

ಎಕ್ಸ್ ಉಳಿಯಿತು, ಅದಕ್ಕೆ ಕಾರಣವಿತ್ತು. ಹಳೆಯ ಲೆಸ್‌ನಲ್ಲಿ ಎಫ್ ಒಂದೇ ಇದ್ದರೆ ಚಿಕ್ಕ ಉತ್ತರ ಪರ್ಯಾಯ ಪರದೆಯಲ್ಲಿ (ಲೆಸ್ ಮುಚ್ಚಿದೊಡನೆ ಅಳಿಯುವ ತಾತ್ಕಾಲಿಕ ಪರದೆ) ಮಿಂಚಿ ಮಾಯವಾಗುತ್ತಿತ್ತು. ಎಕ್ಸ್ ಅದನ್ನು ತಡೆದರೂ ಅನೇಕ ಟರ್ಮಿನಲ್‌ಗಳಲ್ಲಿ ಮೌಸ್ ಚಕ್ರ ಕೆಲಸ ಮಾಡದಂತಾಯಿತು. ಲೆಸ್ 530ರಲ್ಲಿ ಈ ದೋಷ ಸರಿಹೋಗಿದೆ. ಅದು ಅಥವಾ ಅದಕ್ಕಿಂತ ಹೊಸದಿದ್ದರೆ ಗಿಟ್‌ನ ಕೋರ್.ಪೇಜರ್ ಎಂಬ ಸೆಟ್ಟಿಂಗ್‌ಗೆ ‘ಲೆಸ್ -+ಎಕ್ಸ್’ ಎಂದು ಕೊಡಿ. ಎಕ್ಸ್ ಮಾತ್ರ ಕಳಚುತ್ತದೆ.

2018ರ ಆರಂಭದಲ್ಲಿ ಗಿಟ್ 2.16 ಬಂದಾಗ ಕೋಡಿನ ಕವಲುಗಳನ್ನು ತೋರಿಸುವ ‘ಗಿಟ್ ಬ್ರಾಂಚ್’ ಪಟ್ಟಿಯೂ ಪೇಜರ್‌ಗೆ ಹೋಯಿತು. ಎಫ್ ಇದ್ದವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಟರ್ಮಿನಲ್ ತೆರೆದಾಗ ಓದಲ್ಪಡುವ ಬ್ಯಾಷ್ ಫೈಲಿನಲ್ಲಿ ಯಾವಾಗಲೋ ಲೆಸ್ ವೇರಿಯಬಲ್‌ಗೆ ‘-ಐ’ ಎಂದು ಬರೆದು ಮರೆತವರಿಗೆ ಎರಡು ಬ್ರಾಂಚ್‌ಗೂ ಪರದೆ ನಿಂತಿತು. ಬಣ್ಣದ ಕಸಕ್ಕೂ ಮೂಲ ಇದೇ: ನಿಮ್ಮ ಬೆಲೆ ಇದ್ದರೆ ಗಿಟ್ ಎಫ್, ಆರ್ ಸೇರಿಸುವುದಿಲ್ಲ. ಎಲ್ಲ ಸಾಧನಗಳೂ ಓದುವ ವೇರಿಯಬಲ್ ಅನ್ನು ಒಂದರ ಸಲುವಾಗಿ ತಿದ್ದುವುದಕ್ಕಿಂತ, ಗಿಟ್‌ನ ಬೇಡಿಕೆಯನ್ನು ಕೋರ್.ಪೇಜರ್‌ನಲ್ಲೇ ‘ಲೆಸ್ -ಎಫ್‌ಆರ್’ ಎಂದು ಬರೆಯುವುದು ಲೇಸು. ಬ್ರಾಂಚ್‌ಗಷ್ಟೇ ಪೇಜರ್ ಬೇಡವಾದರೆ ಪೇಜರ್.ಬ್ರಾಂಚ್‌ಗೆ ಫಾಲ್ಸ್ ಕೊಡಿ.

ಯಾವ ಪೇಜರ್ ಬಳಸಬೇಕೆಂದು ಗಿಟ್ ಹುಡುಕುವ ಕ್ರಮ: ಗಿಟ್_ಪೇಜರ್ ವೇರಿಯಬಲ್, ಕೋರ್.ಪೇಜರ್, ಪೇಜರ್ ವೇರಿಯಬಲ್, ಕೊನೆಗೆ ಸಾಮಾನ್ಯವಾಗಿ ಲೆಸ್. ಯಾವುದು ಗೆದ್ದಿತೆಂದು ‘ಗಿಟ್ ವಾರ್ ಗಿಟ್_ಪೇಜರ್’ ಹೇಳುತ್ತದೆ. ಪೈಪ್‌ಗೆ (ಪರದೆಯ ಬದಲು ಇನ್ನೊಂದು ಆದೇಶಕ್ಕೆ) ಹೋಗುವ ಉತ್ತರಕ್ಕೆ ಪೇಜರ್ ಏಳುವುದಿಲ್ಲ. ಆದರೆ ದೂರದ ಯಂತ್ರದಲ್ಲಿ ‘ಎಸ್‌ಎಸ್‌ಎಚ್ -ಟಿ’ ಮೂಲಕ ಓಡುವ ಸ್ಕ್ರಿಪ್ಟ್‌ಗೆ ಟರ್ಮಿನಲ್ ಇದ್ದಂತೆ ಕಂಡು, ಕ್ಯೂ ಒತ್ತುವವರಿಲ್ಲದೆ ರಾತ್ರಿಯಿಡೀ ನಿಂತುಬಿಡಬಹುದು. ಅಲ್ಲಿ ‘ಗಿಟ್ --ನೋ-ಪೇಜರ್’ ಎಂದೇ ಬರೆಯಿರಿ.