ಶುಕ್ರವಾರ ಮಧ್ಯಾಹ್ನದ ನಗರ ಕೇಂದ್ರ

ಸಾಂಕ್ರಾಮಿಕದಿಂದ ಸೊರಗಿದ ನಗರ ಕೇಂದ್ರಕ್ಕೆ ಚೇತರಿಕೆಯ ಯೋಜನೆಯೊಂದನ್ನು ಸಿದ್ಧಪಡಿಸಿಕೊಡಿ ಎಂದು ನಗರಾಡಳಿತಗಳು ನಮ್ಮಂಥ ನಗರ ಯೋಜಕರನ್ನು ಕರೆದಾಗ, ಮೊದಲ ಸಭೆಯಲ್ಲಿ ಮೇಜಿನ ಮೇಲೆ ಬರುವುದು ಸಾಮಾನ್ಯವಾಗಿ ತೆರಿಗೆ ವಸೂಲಿಯ ಕೋಷ್ಟಕ. ಅದು ಬೇಕಾದದ್ದೇ. ಆದರೆ ಅದರಿಂದ ಎಷ್ಟು ಹಣ ಕೈತಪ್ಪಿತೆಂಬುದು ತಿಳಿಯುತ್ತದೆಯೇ ಹೊರತು ಯಾವ ಬೀದಿಗೆ, ಯಾವ ಹೊತ್ತಿನಲ್ಲಿ, ಯಾರು ಬರುವುದು ನಿಂತಿತೆಂಬುದು ತಿಳಿಯುವುದಿಲ್ಲ. ಆದ್ದರಿಂದ ನಾನು ಮೊದಲು ಕೇಳಿಕೊಳ್ಳುವುದು ಇಬ್ಬರು ಸಿಬ್ಬಂದಿಯನ್ನು, ಒಂದು ವಾರದ ಸಮಯವನ್ನು ಮತ್ತು ಒಂದು ಎಣಿಕೆ ಹಾಳೆಯನ್ನು. ಆ ಹಾಳೆಯಲ್ಲಿ ಬೀದಿಯ ಪ್ರತಿಯೊಂದು ಬಾಗಿಲಿಗೂ ಒಂದು ಸಾಲು ಇರುತ್ತದೆ: ಅಂಗಡಿ ತೆರೆದಿದೆಯೇ, ಆ ಹೊತ್ತಿಗೆ ಮಾತ್ರ ಮುಚ್ಚಿದೆಯೇ, ತಿಂಗಳುಗಟ್ಟಲೆ ಖಾಲಿ ಬಿದ್ದಿದೆಯೇ, ಬೀದಿಯ ಕಡೆಗೆ ಗಾಜಿದ್ದರೂ ಒಳಗೆ ಬರೀ ಸರಕು ತುಂಬಿಟ್ಟ ಗೋದಾಮಾಗಿದೆಯೇ. ಇದನ್ನು ಮಂಗಳವಾರ ಮಧ್ಯಾಹ್ನ 1 ಗಂಟೆಗೆ, ಶುಕ್ರವಾರ ಅದೇ ಹೊತ್ತಿಗೆ, ವಾರದ ನಡುವೆ ಒಂದು ರಾತ್ರಿ 8 ಗಂಟೆಗೆ ಮತ್ತು ಭಾನುವಾರ ಸಂಜೆ, ಹೀಗೆ ನಾಲ್ಕು ಸಲ ತುಂಬಬೇಕು. ನಾಲ್ಕೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕಾಯಿಲೆ ಎಲ್ಲಿದೆಯೆಂಬುದು ಕಣ್ಣಿಗೆ ಬೀಳುತ್ತದೆ. ಮಂಗಳವಾರ ಸಾಲು ನಿಂತಿದ್ದ ಕಾಫಿ ಅಂಗಡಿಯಲ್ಲಿ ಶುಕ್ರವಾರ ಅದೇ ಹೊತ್ತಿಗೆ ಕುರ್ಚಿಗಳನ್ನು ಮಗುಚಿ ಮೇಜಿನ ಮೇಲಿಟ್ಟಿರುತ್ತಾರೆ. ಬಾಡಿಗೆ ಏಳು ದಿನಕ್ಕೂ ಓಡುತ್ತದೆ, ಗಿರಾಕಿ ಬರುವುದು ಮೂರು ದಿನ.

ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಹೇಳಿದ್ದು 2020ರ ಮಾರ್ಚ್ 11ರಂದು. ಅಂತರರಾಷ್ಟ್ರೀಯ ತುರ್ತು ಪರಿಸ್ಥಿತಿ ಮುಗಿಯಿತೆಂದು ಘೋಷಿಸಿದ್ದು 2023ರ ಮೇ 5ರಂದು. ಈ ಮೂರು ವರ್ಷಗಳಲ್ಲಿ ರೂಢಿಯಾದ ಅಭ್ಯಾಸಗಳಲ್ಲಿ ಕೆಲವು ಸೋಂಕಿನ ಜೊತೆಗೆ ಹೋಗಲಿಲ್ಲ. ಅಮೆರಿಕದಲ್ಲಿ ವೇತನದ ಒಟ್ಟು ಕೆಲಸದ ದಿನಗಳಲ್ಲಿ ಮನೆಯಿಂದ ಮಾಡುವ ದಿನಗಳ ಪಾಲು 2019ರಲ್ಲಿ ಸುಮಾರು ಶೇ. 7 ಇದ್ದದ್ದು 2023ರ ವೇಳೆಗೆ ಶೇ. 28ರ ಆಸುಪಾಸಿನಲ್ಲಿ ನೆಲೆ ನಿಂತಿತು. ಅರ್ಜುನ್ ರಮಣಿ ಮತ್ತು ನಿಕೋಲಸ್ ಬ್ಲೂಮ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿನ ಅಂಚೆ ಇಲಾಖೆಯ ವಿಳಾಸ ಬದಲಾವಣೆಯ ಮಾಹಿತಿಯನ್ನೂ ಮನೆ ಬಾಡಿಗೆಯ ದರಗಳನ್ನೂ ಕೂಡಿಸಿ ನೋಡಿ, ದೊಡ್ಡ ನಗರಗಳಲ್ಲಿ ಜನವೂ ಬೇಡಿಕೆಯೂ ನಡುಭಾಗದಿಂದ ಹೊರವಲಯಕ್ಕೆ ಸರಿದಿರುವುದನ್ನು 2021ರಲ್ಲಿ ತೋರಿಸಿಕೊಟ್ಟರು. ನಡುವೆ ತೂತಿರುವ ಆಕಾರದಿಂದಾಗಿ ಅದಕ್ಕೆ ಡೋನಟ್ ಪರಿಣಾಮ ಎಂಬ ಹೆಸರು ಬಂತು. ಚಿಕ್ಕ ನಗರಗಳಲ್ಲಿ ಇದು ಅಷ್ಟಾಗಿ ಕಾಣಲಿಲ್ಲವೆಂಬುದೂ ಅವರ ಅಧ್ಯಯನದಲ್ಲೇ ಇದೆ, ಮತ್ತು ಅದು ಮುಖ್ಯವಾದ ಮಾತು. ಬರೀ ಕಚೇರಿಗಳನ್ನೇ ಗುಡ್ಡೆ ಹಾಕಿಕೊಂಡಿದ್ದ ಕೇಂದ್ರಗಳು ಹೆಚ್ಚು ಪೆಟ್ಟು ತಿಂದವು. ವಾರದ ಐದು ದಿನ, ಬೆಳಿಗ್ಗೆ ಬಂದು ಸಂಜೆ ಹೋಗುವ ಒಂದೇ ಬಗೆಯ ಗಿರಾಕಿಯನ್ನು ನಂಬಿಕೊಂಡು ಇಡೀ ಬೀದಿಯನ್ನು ಕಟ್ಟಿದ್ದೇ ಮೂಲ ದೌರ್ಬಲ್ಯ. ಸಾಂಕ್ರಾಮಿಕ ಅದನ್ನು ಹೊರಗೆಡಹಿತು. ಹಾಗಾಗಿ ಹೋದ ಗಿರಾಕಿಯನ್ನು ಕೈಹಿಡಿದು ಕರೆತರುವುದಕ್ಕಿಂತ ಖಾಲಿಯಾದ ಹೊತ್ತುಗಳಿಗೆ ಬೇರೆಯವರನ್ನು ತುಂಬುವುದೇ ಚೇತರಿಕೆಯ ನಿಜವಾದ ಕೆಲಸವೆಂದು ನಾನು ಬಲವಾಗಿ ನಂಬಿದ್ದೇನೆ.

ಆದರೂ ಬಹುತೇಕ ಕಡೆ ಮೊದಲು ಹೊಳೆಯುವುದು ರಿಯಾಯಿತಿಯ ಯೋಜನೆಯೇ. ಬ್ರಿಟನ್ 2020ರ ಆಗಸ್ಟ್ ತಿಂಗಳಲ್ಲಿ ಸೋಮವಾರದಿಂದ ಬುಧವಾರದವರೆಗೆ ಹೋಟೆಲುಗಳಲ್ಲಿ ಕೂತು ಉಂಡವರ ಬಿಲ್ಲಿನ ಅರ್ಧವನ್ನು, ತಲೆಗೆ 10 ಪೌಂಡ್ ಮಿತಿಯಲ್ಲಿ, ಸರ್ಕಾರವೇ ಭರಿಸುವ ಯೋಜನೆ ನಡೆಸಿತು. 16 ಕೋಟಿಗೂ ಹೆಚ್ಚು ಊಟಗಳಿಗೆ ಹಣ ಪಾವತಿಯಾಯಿತು, ಖರ್ಚು ಸುಮಾರು 85 ಕೋಟಿ ಪೌಂಡ್ ಮುಟ್ಟಿತು. ಆ ಮೂರು ದಿನಗಳಲ್ಲಿ ಮೇಜುಗಳು ತುಂಬಿದವು, ತಿಂಗಳು ಮುಗಿದೊಡನೆ ಆ ಲಾಭವೂ ಬೇಗನೆ ಕರಗಿತು. ಸೋಂಕು ಹರಡುವುದಕ್ಕೆ ಅದು ನೆರವಾಯಿತೆಂದು ವಾರ್ವಿಕ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಬಳಿಕ ಹೇಳಿತು. ಮುಳುಗುತ್ತಿದ್ದ ಹೋಟೆಲಿನವರಿಗೆ ಆ ತಿಂಗಳ ಗಲ್ಲಾ ಉಸಿರು ಕೊಟ್ಟದ್ದು ನಿಜ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ತುರ್ತು ಪರಿಹಾರವೇ ಬೇರೆ, ಚೇತರಿಕೆಯೇ ಬೇರೆ. ಎರಡಕ್ಕೂ ಒಂದೇ ಲೆಕ್ಕದ ಶೀರ್ಷಿಕೆಯಿಂದ ಹಣ ತೆಗೆದರೆ ಎರಡನೆಯದಕ್ಕೆ ಏನೂ ಉಳಿಯುವುದಿಲ್ಲ.

ಖಾಲಿ ಮಳಿಗೆಗಳ ವಿಚಾರದಲ್ಲಿ ನಾನು ಅತಿ ಹೆಚ್ಚು ಸಮಯ ಕಳೆಯುತ್ತೇನೆ, ಏಕೆಂದರೆ ಒಂದು ಸಾಲಿನಲ್ಲಿ ಮೂರು ಬಾಗಿಲು ಒಟ್ಟಿಗೆ ಮುಚ್ಚಿದರೆ ನಾಲ್ಕನೆಯದಕ್ಕೆ ನಡೆದು ಹೋಗುವವರೂ ಕಡಿಮೆಯಾಗುತ್ತಾರೆ. ಗಿರಾಕಿ ಇಲ್ಲದಿದ್ದರೆ ಬಾಡಿಗೆ ಇಳಿಯಬೇಕು, ಇಳಿದರೆ ಯಾರಾದರೂ ಬರಬೇಕು ಎಂಬುದು ಸಾಮಾನ್ಯ ತರ್ಕ. ವಾಸ್ತವದಲ್ಲಿ ಮಾಲೀಕರು ಎರಡು ವರ್ಷ ಬೀಗ ಹಾಕಿಟ್ಟರೂ ಬಾಡಿಗೆ ಇಳಿಸುವುದಿಲ್ಲ. ಇದಕ್ಕೆ ಕಾರಣ ಅವರ ಹಟವಾಗಿರಬೇಕೆಂದೇನೂ ಇಲ್ಲ. ಕಾರಣ ಸಾಲಪತ್ರದಲ್ಲಿ ಇರುತ್ತದೆ. ವಾಣಿಜ್ಯ ಕಟ್ಟಡದ ಮೌಲ್ಯವನ್ನು ಅಳೆಯುವುದು ಅದರಿಂದ ಬರುವ ಬಾಡಿಗೆಯ ಮೇಲೆ. ಕರಾರಿನಲ್ಲಿ ಬಾಡಿಗೆಯನ್ನು ಮೂರನೇ ಒಂದು ಭಾಗ ಇಳಿಸಿ ಬರೆದರೆ ಕಟ್ಟಡದ ಮೌಲ್ಯವೂ ಸರಿಸುಮಾರು ಅಷ್ಟೇ ಪ್ರಮಾಣದಲ್ಲಿ ಕುಸಿಯಬಹುದು. ಆಗ ಅಡಮಾನಕ್ಕೆ ಆಧಾರ ಸಾಲದೆಂದು ಬ್ಯಾಂಕು ಹೆಚ್ಚುವರಿ ಹಣ ಕೇಳಬಹುದು. ಖಾಲಿ ಮಳಿಗೆ ಮಾತ್ರ ಕಾಗದದ ಮೇಲೆ ಹಳೆಯ ಬಾಡಿಗೆಯ ನಿರೀಕ್ಷೆಯಲ್ಲೇ ಉಳಿದಿರುತ್ತದೆ. ಇದನ್ನು ಅರಿಯದೆ ಮಾಲೀಕರ ಸಭೆ ಕರೆದು ಊರಿನ ಹಿತಕ್ಕಾಗಿ ಬಾಡಿಗೆ ಇಳಿಸಿ ಎಂದು ಬೇಡಿಕೊಂಡರೆ ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಇಳಿಸುವುದಿಲ್ಲ.

ಈ ಗಂಟನ್ನು ಬಿಡಿಸಲು ಕರಾರಿನ ಭಾಷೆಯನ್ನೇ ಬದಲಿಸಬೇಕಾಗುತ್ತದೆ. ನಮೂದಿತ ಬಾಡಿಗೆಯನ್ನು ಹಾಗೆಯೇ ಇಟ್ಟು ಮೊದಲ ಕೆಲವು ತಿಂಗಳು ವಿನಾಯಿತಿ ಕೊಡುವುದು ಒಂದು ದಾರಿ. ಕಡಿಮೆ ಮೂಲ ಬಾಡಿಗೆಯ ಮೇಲೆ ವಹಿವಾಟಿನ ಇಂತಿಷ್ಟು ಪಾಲನ್ನು ಸೇರಿಸುವುದು ಇನ್ನೊಂದು; ಇದರಲ್ಲಿ ವ್ಯಾಪಾರ ಚಿಗುರಿದಂತೆ ಮಾಲೀಕರ ಆದಾಯವೂ ಏರುವುದರಿಂದ ಬೀದಿಯ ಯೋಗಕ್ಷೇಮ ಇಬ್ಬರ ತಲೆಯ ಮೇಲೂ ಬೀಳುತ್ತದೆ. ನನಗೆ ಇದೇ ಹೆಚ್ಚು ಮೆಚ್ಚುಗೆಯಾದದ್ದು, ಆದರೆ ಚಿಕ್ಕ ವ್ಯಾಪಾರಿಗಳು ಲೆಕ್ಕದ ಪುಸ್ತಕವನ್ನು ಮಾಲೀಕರ ಮುಂದೆ ತೆರೆದಿಡಲು ಹಿಂಜರಿಯುತ್ತಾರೆ, ಮತ್ತು ಆ ಹಿಂಜರಿಕೆ ನ್ಯಾಯವಾದದ್ದು. ಇಂಥ ಕಡೆ ನಗರಾಡಳಿತವೇ ಮಾದರಿ ಕರಾರನ್ನು ಬರೆಸಿ, ಲೆಕ್ಕವನ್ನು ಮೂರನೆಯವರು ನೋಡುವ ಏರ್ಪಾಡು ಮಾಡಬೇಕು. ಸಿಹಿಮಾತಿನಿಂದ ಕೆಲಸವಾಗದ ಕಡೆಗೆ ಕಾನೂನಿನ ಬಲವೂ ಬೇಕಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಮತದಾರರು ಕೆಲವು ವ್ಯಾಪಾರ ಬೀದಿಗಳಲ್ಲಿ ಖಾಲಿ ಇಟ್ಟ ನೆಲಮಹಡಿಯ ಮಳಿಗೆಗಳ ಮೇಲೆ ತೆರಿಗೆಯನ್ನು 2020ರ ಮಾರ್ಚ್‌ನಲ್ಲೇ ಒಪ್ಪಿದ್ದರು. ಸಾಂಕ್ರಾಮಿಕದ ಕಾರಣ ಅದರ ಜಾರಿಯನ್ನು 2022ಕ್ಕೆ ಮುಂದೂಡಲಾಯಿತು. ಇಂಗ್ಲೆಂಡಿನಲ್ಲಿ 2024ರ ಡಿಸೆಂಬರ್‌ನಿಂದ, ಎರಡು ವರ್ಷಗಳಲ್ಲಿ ಒಟ್ಟು 365 ದಿನಕ್ಕಿಂತ ಹೆಚ್ಚು ಖಾಲಿ ಬಿದ್ದ ಮಳಿಗೆಯನ್ನು ಒಂದರಿಂದ ಐದು ವರ್ಷದ ಬಾಡಿಗೆಗೆ ಹರಾಜು ಹಾಕುವ ಅಧಿಕಾರ ಸ್ಥಳೀಯ ಸಂಸ್ಥೆಗಳಿಗಿದೆ. ತೆರಿಗೆಗಿಂತ ಹರಾಜೇ ವಾಸಿ ಎಂಬುದು ನನ್ನ ಅಭಿಪ್ರಾಯ: ತೆರಿಗೆ ಕಟ್ಟಿಯೂ ಬೀಗ ಹಾಕಿಡಬಹುದು, ಹರಾಜಾದರೆ ಬಾಗಿಲು ತೆರೆಯುತ್ತದೆ.

ಬೀದಿಯ ಜಾಗದ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಅದು ಎಲ್ಲರೂ ಬೇಗನೆ ಕಲಿತ ಪಾಠ. ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್ 2020ರ ಏಪ್ರಿಲ್‌ನಲ್ಲೇ ತನ್ನ ಚೌಕಗಳನ್ನು ಹೋಟೆಲುಗಳ ಮೇಜು ಕುರ್ಚಿಗಳಿಗೆ ಬಿಟ್ಟುಕೊಟ್ಟಿತು. ನ್ಯೂಯಾರ್ಕ್ ಅದೇ ಜೂನ್‌ನಲ್ಲಿ ಪಾದಚಾರಿ ಮಾರ್ಗವನ್ನೂ ರಸ್ತೆ ಬದಿಯ ಪಾರ್ಕಿಂಗ್ ಜಾಗವನ್ನೂ ಕೊಟ್ಟಿತು. ತುರ್ತಿನಲ್ಲಿ ಕೊಟ್ಟದ್ದನ್ನು ಕಾಯಂ ಮಾಡುವಾಗ ಗಾಲಿಕುರ್ಚಿಯವರಿಗೂ ಕೋಲು ಹಿಡಿದು ನಡೆಯುವವರಿಗೂ ಅಡ್ಡಿಯಿಲ್ಲದ ದಾರಿ ಉಳಿದಿದೆಯೇ ಎಂದು ಅಳೆದು ನೋಡಬೇಕು, ಅಷ್ಟೆ. ಸಾರಿಗೆಯ ಟಿಕೆಟ್ಟೂ ಹೀಗೆಯೇ: ವಾರಕ್ಕೆ ಎರಡೇ ದಿನ ಬರುವವರಿಗೆ ಹಳೆಯ ತಿಂಗಳ ಪಾಸ್ ದುಬಾರಿಯಾಗುತ್ತದೆ. ಇಂಗ್ಲೆಂಡಿನ ರೈಲುಗಳಲ್ಲಿ 2021ರ ಜೂನ್‌ನಿಂದ 28 ದಿನಗಳಲ್ಲಿ ಯಾವುದಾದರೂ 8 ದಿನ ಓಡಾಡುವ ಪಾಸ್ ಕೊಡುತ್ತಿದ್ದಾರೆ. ರಾತ್ರಿ 8ರ ಹಾಳೆ ಖಾಲಿಯಿದ್ದರೆ ನಾನು ಮೊದಲು ನೋಡುವುದು ಕೊನೆಯ ಬಸ್ಸಿನ ವೇಳೆಯನ್ನು.

ಖಾಲಿ ಕಚೇರಿಗಳನ್ನು ಮನೆಗಳಾಗಿ ಬದಲಿಸುವುದು ಇಂದು ಎಲ್ಲರ ಬಾಯಲ್ಲೂ ಇರುವ ಮಾತು. ರಾತ್ರಿಯೂ ಭಾನುವಾರವೂ ಅಲ್ಲೇ ಇರುವ ಜನರನ್ನು ಕೊಡುವ ದಾರಿ ಅದಾದ್ದರಿಂದ ನಾನೂ ಅದರ ಪರವಾಗಿದ್ದೇನೆ. ಆದರೆ ಕಟ್ಟಡದ ಒಳಗೆ ಹೋಗಿ ನಿಂತು ನೋಡಬೇಕು. ಎರಡನೇ ಮಹಾಯುದ್ಧಕ್ಕೂ ಹಿಂದಿನ ಹಳೆಯ ಕಟ್ಟಡಗಳನ್ನು ಹಗಲಿನ ಬೆಳಕನ್ನು ನೆಚ್ಚಿ ಕಟ್ಟಿದ್ದರಿಂದ ಕಿಟಕಿಯಿಂದ ಒಳಗೋಡೆಗೆ ಕೆಲವೇ ಹೆಜ್ಜೆ. ಅಲ್ಲಿ ಮನೆ ಕೂರುತ್ತದೆ. ಎಪ್ಪತ್ತು ಎಂಬತ್ತರ ದಶಕದ ಗಾಜಿನ ಗೋಪುರಗಳ ನಡುವೆ ನಿಂತರೆ ಮಧ್ಯಾಹ್ನವೂ ದೀಪ ಬೇಕು, ಕಿಟಕಿ ತೆರೆಯುವುದಿಲ್ಲ, ಇಡೀ ಮಹಡಿಗೆ ಶೌಚಾಲಯದ ಕೊಳವೆಗಳೆಲ್ಲ ಲಿಫ್ಟಿನ ಪಕ್ಕದ ಒಂದೇ ಕಡೆ ಇರುತ್ತವೆ. ಪ್ರತಿ ಮನೆಗೂ ಅಡುಗೆಮನೆ, ಬಚ್ಚಲು ಒದಗಿಸಲು ನೆಲ ಕೊರೆಯಲು ಹೊರಟಾಗಲೇ ಖರ್ಚಿನ ಅಂದಾಜು ಕೈಮೀರುತ್ತದೆ. ಕ್ಯಾಲ್ಗರಿ ನಗರವು 2021ರಲ್ಲಿ ಇಂಥ ಪರಿವರ್ತನೆಗೆ ಚದರ ಅಡಿಗೆ 75 ಕೆನಡಾ ಡಾಲರ್ ನೆರವು ಘೋಷಿಸಿ, 2031ರೊಳಗೆ 60 ಲಕ್ಷ ಚದರ ಅಡಿ ಕಚೇರಿ ಜಾಗವನ್ನು ಕಡಿಮೆ ಮಾಡುವ ಗುರಿ ಇಟ್ಟುಕೊಂಡಿತು. ಅಲ್ಲಿ ಕಚೇರಿಗಳು ಖಾಲಿಯಾಗತೊಡಗಿದ್ದು ಸಾಂಕ್ರಾಮಿಕಕ್ಕೂ ಮೊದಲೇ, ತೈಲ ಬೆಲೆ ಕುಸಿದಾಗ. ಹತ್ತು ವರ್ಷದ ಗುರಿ ಇಡುವ ತಾಳ್ಮೆ ಅವರಿಗೆ ಬಂದದ್ದು ಆ ಅನುಭವದಿಂದಲೇ ಇರಬೇಕು. ನ್ಯೂಯಾರ್ಕಿನ ಲೋವರ್ ಮ್ಯಾನ್‌ಹಟನ್‌ನಲ್ಲಿ 1995ರಲ್ಲಿ ಶುರುವಾದ ತೆರಿಗೆ ವಿನಾಯಿತಿಯಿಂದ ಸುಮಾರು 1.3 ಕೋಟಿ ಚದರ ಅಡಿ ಕಚೇರಿ ಮನೆಗಳಾಗಲು ಹತ್ತು ವರ್ಷಕ್ಕೂ ಮಿಕ್ಕಿ ಬೇಕಾಯಿತು.

ಆ ಹತ್ತು ವರ್ಷ ಕೆಳಗಿನ ಅಂಗಡಿಯವರು ಹೇಗೆ ಬದುಕಬೇಕೆಂಬುದು ಯೋಜನೆಯ ವರದಿಗಳಲ್ಲಿ ಕಾಣಸಿಗುವುದು ಅಪರೂಪ. ಕಟ್ಟಡಕ್ಕೆ ಸಾರುವೆ ಕಟ್ಟಿದ ದಿನದಿಂದಲೇ ಅಂಗಡಿಯ ನಾಮಫಲಕ ಮರೆಯಾಗುತ್ತದೆ, ದೂಳು ಬೀಳುತ್ತದೆ, ಬಂದಷ್ಟು ಗಿರಾಕಿಯೂ ಎದುರು ಬದಿಯಲ್ಲಿ ನಡೆದುಹೋಗುತ್ತಾರೆ. ಪರಿವರ್ತನೆಗೆ ನೆರವು ಪಡೆಯುವ ಮಾಲೀಕರು ಕೆಲಸ ನಡೆಯುವಷ್ಟು ಕಾಲ ನೆಲಮಹಡಿಯ ಬಾಡಿಗೆದಾರರನ್ನು ಉಳಿಸಿಕೊಂಡು ಬಾಡಿಗೆ ಕಡಿತ ಕೊಡಬೇಕೆಂಬ ಷರತ್ತನ್ನು ನೆರವಿನ ಆದೇಶದಲ್ಲೇ ಸೇರಿಸಬೇಕೆಂದು ನಾನು ಪ್ರತಿ ಸಲವೂ ಬರೆಯುತ್ತೇನೆ. ಹಾಗೆಯೇ ಜನ ವಾಸಕ್ಕೆ ಬಂದ ಮೇಲೆ ಮೊದಲ ದೂರು ಬರುವುದು ರಾತ್ರಿಯ ಸಂಗೀತದ ಮೇಲೆ, ಹೋಟೆಲಿನ ಹಿಂಬಾಗಿಲಲ್ಲಿ ಬೆಳಗಿನ ಜಾವ ಸರಕು ಇಳಿಸುವ ಸದ್ದಿನ ಮೇಲೆ. ಹೊಸದಾಗಿ ಬಂದ ಕಟ್ಟಡವೇ ತನ್ನ ಗೋಡೆ ಕಿಟಕಿಗಳಿಗೆ ಸದ್ದು ತಡೆಯುವ ವ್ಯವಸ್ಥೆ ಮಾಡಿಕೊಳ್ಳಬೇಕು, ಮೊದಲಿನಿಂದ ಇದ್ದ ವ್ಯಾಪಾರವನ್ನು ಮುಚ್ಚಿಸಬಾರದು ಎಂಬ ನಿಯಮವನ್ನು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲಿ, ಇಂಗ್ಲೆಂಡ್ 2018ರಲ್ಲಿ ತಮ್ಮ ಯೋಜನಾ ನೀತಿಗೆ ಸೇರಿಸಿಕೊಂಡವು. ಈ ನಿಯಮವನ್ನು ಮೊದಲ ಮನೆಯ ಕೀಲಿಕೈ ಕೊಡುವ ಮುನ್ನವೇ ಬರೆದಿಟ್ಟಿರಬೇಕು, ಆಮೇಲೆ ಬರೆಯಲು ಹೋದರೆ ಎರಡೂ ಕಡೆಯವರು ನ್ಯಾಯಾಲಯದ ಮೆಟ್ಟಿಲಲ್ಲಿ ನಿಂತಿರುತ್ತಾರೆ.