ಫೋನ್ ಅಂಗಡಿಗೆ ಹೋಯಿತು, ಟಿವಿ ಓಡುತ್ತಲೇ ಇತ್ತು

ಚಿತ್ರದುರ್ಗದಿಂದ ಅತ್ತೆ ಬಂದಿದ್ದರು. ದಾವಣಗೆರೆಗೆ ಬಂದವರಿಗೆ ಬೆಳಿಗ್ಗೆ ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ ಮಿರ್ಚಿ. ನಮ್ಮ ಮನೆಯಲ್ಲಿ ಇದಕ್ಕೆ ಅಪೀಲಿಲ್ಲ. ಫೋನಿನಲ್ಲಿ ಯೂಟ್ಯೂಬ್ ತೆಗೆದು ಒಂದು ಹಳೇ ನಾಟಕ ಹುಡುಕಿದೆ. ಮೂಲೆಯಲ್ಲಿರುವ ಟಿವಿ ಗುರುತು ಒತ್ತಿ ದೊಡ್ಡ ಪರದೆಗೆ ಕಳಿಸಿದೆ. ಆಮೇಲೆ ಫೋನ್ ಜೇಬಿಗೆ ಹಾಕಿಕೊಂಡು ಮಿರ್ಚಿ ತರಲು ಹೋದೆ. ವಾಪಸ್ ಬಂದರೆ ಅತ್ತೆ ನಾಟಕ ಬಿಟ್ಟು ನನ್ನನ್ನೇ ನೋಡುತ್ತಿದ್ದರು.

"ಅಲ್ಲಪ್ಪಾ, ಫೋನ್ ನಿನ್ ಜೇಬ್ನಾಗೆ ಹೋತು. ನಾಟಕ ಇಲ್ಲಿ ಹೆಂಗೆ ಓಡ್ತಿತ್ತು?"

ದಿನಾ ಇದನ್ನೇ ಮಾಡುವ ನನಗೆ ಈ ಪ್ರಶ್ನೆ ಹೊಳೆದಿರಲೇ ಇಲ್ಲ. ಚಿತ್ರ ಫೋನಿನಿಂದ ಗಾಳಿಯಲ್ಲಿ ಹಾರಿ ಟಿವಿಗೆ ಹೋಗುತ್ತದೆ ಅಂತಲೇ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಹಾಗಾಗುವುದಿಲ್ಲ. ಹೀಗೆ ಗುರುತು ಒತ್ತಿ ಕಳಿಸಿದಾಗ, ಅಂದರೆ ಕಾಸ್ಟ್ ಮಾಡಿದಾಗ, ಫೋನ್ ಟಿವಿಯ ಕೈಗೆ ಒಂದು ಚೀಟಿ ಕೊಡುತ್ತದೆ, ಅಷ್ಟೆ. ಯಾವ ವಿಡಿಯೊ, ಅದು ಎಲ್ಲಿ ಸಿಗುತ್ತದೆ, ಎಷ್ಟನೇ ನಿಮಿಷದಿಂದ ಶುರು ಮಾಡಬೇಕು ಅಂತ ಅದರಲ್ಲಿರುತ್ತದೆ. ಸಾಮಾನು ತರುವುದು ಟಿವಿಯೇ. ಅದು ಮನೆಯ ವೈಫೈ ಮೂಲಕ ನೇರವಾಗಿ ಸರ್ವರ್‌ಗೆ ಹೋಗಿ ತಂದುಕೊಳ್ಳುತ್ತದೆ. ಚೀಟಿ ಕೊಟ್ಟ ಮೇಲೆ ಫೋನ್ ಬರೀ ರಿಮೋಟ್. ಅದು ಅಂಗಡಿಗೆ ಹೋದರೂ ಟಿವಿಗೆ ಚಿಂತೆಯಿಲ್ಲ. 2013ರ ಜುಲೈನಲ್ಲಿ ಗೂಗಲ್ 35 ಡಾಲರ್‌ಗೆ ತಂದ ಕ್ರೋಮ್‌ಕಾಸ್ಟ್ ಅನ್ನುವ, ಟಿವಿಗೆ ಸಿಕ್ಕಿಸುವ ಕಡ್ಡಿಯಿಂದ ಈ ಪದ್ಧತಿ ಮನೆಮನೆಗೆ ಬಂತು. ಈಗಿನ ಬಹಳಷ್ಟು ಸ್ಮಾರ್ಟ್ ಟಿವಿಗಳಲ್ಲಿ ಆ ಕೆಲಸ ಒಳಗೇ ಸೇರಿಕೊಂಡಿದೆ.

ಪರದೆಯನ್ನು ಹಾಗೇ ಟಿವಿಗೆ ತೋರಿಸುವುದು, ಅಂದರೆ ಸ್ಕ್ರೀನ್ ಮಿರರಿಂಗ್, ಬೇರೆ ಕಥೆ. ಅಲ್ಲಿ ಫೋನೇ ಹಮಾಲಿ. ಎಷ್ಟು ಭಾರ ಅಂತ ಸುಮ್ನೆ ಲೆಕ್ಕ ಹಾಕಿ ನೋಡೋಣ. ಫುಲ್ ಎಚ್‌ಡಿ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಒಂದು ಚುಕ್ಕಿಯ ಬಣ್ಣಕ್ಕೆ 24 ಬಿಟ್. ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಸೆಕೆಂಡಿಗೆ ಸುಮಾರು 124 ಕೋಟಿ ಬಿಟ್! ಇದನ್ನು ಹಿಂಡಿ ಹಿಂಡಿ ಸೆಕೆಂಡಿಗೆ 50 ಲಕ್ಷ ಬಿಟ್‌ನಷ್ಟಕ್ಕೆ, ಅಂದರೆ 5 ಎಂಬಿಪಿಎಸ್‌ಗೆ ಇಳಿಸುತ್ತಾರೆ. ಹೆಚ್ಚುಕಡಿಮೆ 250 ಪಟ್ಟು. ಹಿಂದಿನ ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಬದಲಾದದ್ದನ್ನು ಮಾತ್ರ ಬರೆದುಕೊಳ್ಳುವುದು ಇದರ ಮುಖ್ಯ ಉಪಾಯ. ನಾಟಕದ ಪರದೆ ಅಲ್ಲಾಡದೆ ನಿಂತಿದ್ದರೆ ಅದನ್ನು ಮತ್ತೆ ಮತ್ತೆ ಯಾಕೆ ಕಳಿಸಬೇಕು?

ಯೂಟ್ಯೂಬಿನವರು ಈ ಹಿಂಡುವ ಕೆಲಸವನ್ನು ಮೊದಲೇ, ನಿಧಾನಕ್ಕೆ, ದೊಡ್ಡ ಯಂತ್ರಗಳಲ್ಲಿ ಮಾಡಿಟ್ಟಿರುತ್ತಾರೆ. ಮಿರರಿಂಗ್‌ನಲ್ಲಿ ನಿಮ್ಮ ಫೋನ್ ಅದನ್ನು ಆ ಕ್ಷಣದಲ್ಲೇ ಮಾಡಬೇಕು. ಬಂದ ವಿಡಿಯೊವನ್ನು ಬಿಡಿಸಿ ಪರದೆಗೆ ತರಬೇಕು, ಆ ಪರದೆಯನ್ನು ಮತ್ತೆ ಹಿಂಡಬೇಕು, ಟಿವಿಗೆ ತಳ್ಳಬೇಕು. ಹಾಗಾಗಿ ಫೋನ್ ಕಾವಲಿಯಂತೆ ಕಾಯುತ್ತದೆ, ಬ್ಯಾಟರಿ ಇಳಿಯುತ್ತದೆ, ಚಿತ್ರ ತಡವರಿಸುತ್ತದೆ. ಮಧ್ಯೆ ಬಂದ ವಾಟ್ಸಾಪ್ ಮೆಸೇಜನ್ನು ಮನೆಮಂದಿಯೆಲ್ಲ ಓದುತ್ತಾರೆ. ಮದುವೆ ಫೋಟೊ ತೋರಿಸಲು ಮಿರರಿಂಗ್ ಸಾಕು. ಸಿನಿಮಾಗೆ ಬೇಡ ಅನ್ನುವವನು ನಾನು. ಕೆಲವು ಆಪ್‌ಗಳು ಮಿರರಿಂಗ್‌ನಲ್ಲಿ ಕಪ್ಪು ಪರದೆ ತೋರಿಸುತ್ತವೆ. ಅದು ಏನೋ ಕೆಟ್ಟುಹೋಗಿದ್ದಲ್ಲ, ನಕಲು ತಡೆಯಲು ಹಾಕಿದ ಬೀಗ.

ಇನ್ನು ಆ ಟಿವಿ ಗುರುತು. ಕೆಲವೊಮ್ಮೆ ಕಾಣುತ್ತದೆ, ಕೆಲವೊಮ್ಮೆ ಮಾಯ. ಜನ ಸಿಟ್ಟಾಗುವುದು ಇಲ್ಲೇ ಜಾಸ್ತಿ. ಮನೆಯಲ್ಲಿ ಟಿವಿ ಇದೆ ಅಂತ ಫೋನಿಗೆ ಹೇಗೆ ಗೊತ್ತಾಗಬೇಕು? ಮನೆಯ ವೈಫೈ ಒಂದು ವಠಾರ ಅಂದುಕೊಳ್ಳಿ. ಫೋನ್ ಅದರ ಅಂಗಳದಲ್ಲಿ ನಿಂತು ಕೂಗುತ್ತದೆ: "ಟಿವಿಗಳು ಯಾರಾದರೂ ಇದ್ದೀರಾ?" ಹಾಗೆ ಕೂಗಲೆಂದೇ 224.0.0.251 ಅನ್ನುವ ಗುಂಪು ವಿಳಾಸವಿದೆ. ಅದಕ್ಕೆ ಕಿವಿಗೊಟ್ಟಿರುವ ಟಿವಿ, "ನಾನಿದ್ದೇನೆ, ಹಾಲ್‌ನಲ್ಲಿ" ಎಂದು ತನ್ನ ಹೆಸರು ಹೇಳುತ್ತದೆ. ಗುರುತು ಮೂಡುತ್ತದೆ. ಈ ಕೂಗು ಸಾಮಾನ್ಯವಾಗಿ ವಠಾರ ದಾಟಿ ಹೋಗುವುದಿಲ್ಲ. ಫೋನ್ ಮೊಬೈಲ್ ಡೇಟಾದಲ್ಲಿದ್ದರೆ, ಅಥವಾ ರೂಟರಿನ ಗೆಸ್ಟ್ ವೈಫೈಗೆ ಸೇರಿಕೊಂಡಿದ್ದರೆ, ಟಿವಿಗೆ ಕೇಳಿಸುವುದೇ ಇಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಫೈಬರ್ ಹಾಕಿಸಿದ ಮನೆಗಳಲ್ಲಿ ವೈಫೈ ಎರಡು ಹೆಸರಲ್ಲಿ ಕಾಣುವುದುಂಟು. ಒಂದಕ್ಕೆ '5ಜಿ' ಅಂತ ಬಾಲ. ಅದು ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್ ಅಲೆ. ವೇಗ ಜಾಸ್ತಿ, ಗೋಡೆ ದಾಟುವ ತಾಕತ್ತು ಕಡಿಮೆ. ಟಿವಿ ಒಂದರಲ್ಲಿ, ಫೋನ್ ಇನ್ನೊಂದರಲ್ಲಿ ಇದ್ದರೂ ಸಾಮಾನ್ಯವಾಗಿ ತೊಂದರೆಯಿಲ್ಲ, ಎರಡೂ ಒಂದೇ ವಠಾರದ ಎರಡು ಬಾಗಿಲು.

ನಮ್ಮೂರಿನಲ್ಲಿ ಕಾಲೇಜು ಜಾಸ್ತಿ, ಹಾಸ್ಟೆಲ್ಲೂ ಜಾಸ್ತಿ. ಒಂದೇ ವೈಫೈನಲ್ಲಿದ್ದರೂ ಕಾಸ್ಟ್ ಆಗಲ್ಲ ಅಂತ ಅಲ್ಲಿರುವ ಹುಡುಗರ ಗೋಳು. ಹಾಸ್ಟೆಲ್, ಲಾಡ್ಜ್‌ಗಳ ವೈಫೈನಲ್ಲಿ ಒಬ್ಬರ ಸಾಧನ ಇನ್ನೊಬ್ಬರದಕ್ಕೆ ಕಾಣದಂತೆ ಬೇಕಂತಲೇ ಅಡ್ಡಗೋಡೆ ಹಾಕಿರುತ್ತಾರೆ. ಇಲ್ಲದಿದ್ದರೆ ಪಕ್ಕದ ರೂಮಿನವನು ನಿಮ್ಮ ಟಿವಿಯಲ್ಲಿ ತನಗೆ ಬೇಕಾದ್ದು ಹಾಕಿಬಿಟ್ಟಾನು.

ನೇರ ಪ್ರಸಾರದ ಚಾನೆಲ್‌ಗಳಲ್ಲಿ ಚೀಟಿ ಸ್ವಲ್ಪ ಬೇರೆ. ಅದು ಕೊನೆಯಿಲ್ಲದ ಪಟ್ಟಿ. ಆ್ಯಪಲ್ 2009ರಲ್ಲಿ ತಂದ ಎಚ್‌ಎಲ್‌ಎಸ್ ಪದ್ಧತಿಯಲ್ಲಿ ಚಾನೆಲ್ಲನ್ನು ಚಿಕ್ಕ ಚಿಕ್ಕ ತುಂಡು ಮಾಡುತ್ತಾರೆ. ತುಂಡೊಂದು ಸಾಮಾನ್ಯವಾಗಿ 6 ಸೆಕೆಂಡಿನದು. 5 ಎಂಬಿಪಿಎಸ್ ಆದರೆ ಒಂದು ತುಂಡು 3.75 ಎಂಬಿ ತೂಗುತ್ತದೆ. ಹೊಸ ತುಂಡು ಬಂದಂತೆ ಪಟ್ಟಿಗೆ ಹೊಸ ಸಾಲು ಸೇರುತ್ತದೆ, ಹಳೆಯದು ಉದುರುತ್ತದೆ. ಟಿವಿ ಪಟ್ಟಿಯನ್ನು ಮತ್ತೆ ಮತ್ತೆ ಓದಿ ತುಂಡು ತರಿಸಿಕೊಳ್ಳುತ್ತದೆ. ಒಂದೇ ತುಂಡು ದಪ್ಪ, ತೆಳು ಅಂತ ಹಲವು ರೂಪದಲ್ಲಿ ಸಿಗುತ್ತದೆ. ನೆಟ್ ಕುಂಟಿದರೆ ಟಿವಿ ತೆಳುವಾದದ್ದನ್ನು ಕೇಳುತ್ತದೆ. ಮುಖ ಮಸುಕಾಗಿ, ಸ್ವಲ್ಪ ಹೊತ್ತಿಗೆ ತಿಳಿಯಾಗುವುದು ಅದಕ್ಕೇ.

ಮಧ್ಯೆ ತುಂಡು ಖಾಲಿಯಾಗಬಾರದು ಅಂತ ಟಿವಿ ಸಾಮಾನ್ಯವಾಗಿ ಮೂರು ತುಂಡು ಹಿಂದಿನಿಂದ ಶುರು ಮಾಡುತ್ತದೆ. ಅಲ್ಲಿಗೇ 18 ಸೆಕೆಂಡು ತಡ. ಕತ್ತರಿಸಿ, ಹಿಂಡಿ, ಸರ್ವರ್‌ಗೆ ಮುಟ್ಟಿಸುವ ಹೊತ್ತು ಬೇರೆ. ಹೀಗಾಗಿ ನಮ್ಮ ಮನೆಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ, ಡಿಶ್ ಹಾಕಿಸಿದ ಎದುರು ಮನೆಯವರು "ಔಟ್!" ಅಂತ ಕೂಗಿ ಮಜಾ ಕೆಡಿಸುತ್ತಾರೆ.

ಇದನ್ನೆಲ್ಲ ಅತ್ತೆಗೆ ಹೇಳುತ್ತಿದ್ದೆ. ಕರೆಂಟ್ ಹೋಯಿತು. ಇನ್ವರ್ಟರ್ ಇದ್ದದ್ದರಿಂದ ಟಿವಿ ಆರಲಿಲ್ಲ. ರೂಟರ್ ಮಾತ್ರ ಇನ್ವರ್ಟರ್ ಲೈನಿನಲ್ಲಿರಲಿಲ್ಲ. ತಂದಿಟ್ಟುಕೊಂಡಿದ್ದಷ್ಟು ನಾಟಕ ಓಡಿ, ಪಾತ್ರಧಾರಿ ಬಾಯಿ ತೆರೆದಲ್ಲೇ ನಿಂತ. ಫೋನಿನ ಹಾಟ್‌ಸ್ಪಾಟ್ ಹಾಕಿ, ಟಿವಿಯನ್ನು ಅದಕ್ಕೆ ಸೇರಿಸಿ, ಟಿವಿಯಲ್ಲಿರುವ ಯೂಟ್ಯೂಬಿನಲ್ಲೇ ನಾಟಕ ಹುಡುಕಿ ಹಚ್ಚಿದೆ. ಈಗ ಟಿವಿಗೆ ಹೊರಗೆ ಹೋಗಲು ಇರುವ ದಾರಿ ನನ್ನ ಫೋನೊಂದೇ. ಗಂಟೆಗೆ 2.25 ಜಿಬಿ ಲೆಕ್ಕದಲ್ಲಿ ನನ್ನ ಡೇಟಾ ಕರಗತೊಡಗಿತು. ಮಿರ್ಚಿ ಖಾಲಿಯಾಗಿತ್ತು, ಇನ್ನೊಂದು ಪೊಟ್ಟಣ ತರೋಣ ಅಂತ ಎದ್ದೆ.

"ಕೂತ್ಕ," ಅಂದರು ಅತ್ತೆ. "ಈಗ ನೀನು ಹೋದ್ರೆ ನಾಟಕನೂ ಹೋಗ್ತೈತಿ."