ನಮ್ಮ ಬ್ಯಾಣಕ್ಕೆ ಯಾವ ಹೋರಿ ಸರಿ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ಹಳ್ಳಿ ನಮ್ಮದು. ಮೂರು ಗಿಡ್ಡ ದನ (ಮಲೆನಾಡಿನ ಕುಳ್ಳ ನಾಟಿ ತಳಿ), ಒಂದು ಜೆರ್ಸಿ ಕ್ರಾಸ್ ಇದೆ. ಬೆಳಿಗ್ಗೆ ಬ್ಯಾಣಕ್ಕೆ, ಅಂದರೆ ಮೇಯುವ ಹುಲ್ಲುಗುಡ್ಡಕ್ಕೆ, ಬಿಟ್ಟರೆ ಸಂಜೆಯೇ ಬರುತ್ತವೆ. ಹಾಲು ಜಾಸ್ತಿ ಆಗಲಿ ಅಂತ ವಿದೇಶಿ ತಳಿಯಾದ ಎಚ್‌ಎಫ್ ಹೋರಿ ಕೊಡಿಸಬಹುದಾ?

ಉತ್ತರ: ಗಿಡ್ಡ ದನಕ್ಕಂತೂ ಬೇಡವೇ ಬೇಡ. ಬೆಳೆದ ಗಿಡ್ಡ ಹಸು ತೂಗುವುದು ನೂರು ಕೆಜಿಗೆ ತುಸು ಜಾಸ್ತಿ, ಎಚ್‌ಎಫ್ ಹಸು ಐನೂರು ದಾಟುತ್ತದೆ. ಹೊಟ್ಟೆಯಲ್ಲಿ ಕರು ದೊಡ್ಡದಾಗಿ ಹೆರಿಗೆ ಹೊತ್ತಿಗೆ ಸಿಕ್ಕಿಕೊಂಡರೆ, ಸುರಿಯುವ ಮಳೆಯಲ್ಲಿ ರಾತ್ರಿ ಡಾಕ್ಟರನ್ನು ಎಲ್ಲಿಂದ ಕರೆತರುತ್ತೀರಿ?

ಹೋರಿ ಆರಿಸುವಾಗ ಎಲ್ಲರೂ ಅದರ ತಾಯಿ ಎಷ್ಟು ಲೀಟರ್ ಕೊಡುತ್ತಿತ್ತು ಅಂತ ಕೇಳುತ್ತಾರೆ. ಕೇಳಲಿ, ತಪ್ಪಿಲ್ಲ. ಆದರೆ ಹುಟ್ಟುವ ಹೆಣ್ಣುಕರು ನಾಳೆ ಮೇಯುವುದು ನಿಮ್ಮ ಬ್ಯಾಣದಲ್ಲೇ ಅಲ್ವಾ? ನಮ್ಮ ಕಡೆ ಮಳೆಗೆ ಮಣ್ಣಿನ ಸಾರ ತೊಳೆದುಹೋಗಿರುತ್ತದೆ. ಮಳೆಗಾಲದ ಹುಲ್ಲು ಬರೀ ನೀರು, ಬೇಸಿಗೆಯಲ್ಲಿ ಒಣ ಕರಡ. ಇದನ್ನು ತಿಂದು ಗುಡ್ಡ ಹತ್ತಿ ಇಳಿದು, ಉಣುಗು (ರಕ್ತ ಹೀರುವ ಉಣ್ಣೆ) ಕಡಿಸಿಕೊಂಡು, ಒಂದೆರಡು ಲೀಟರ್ ಹಾಲನ್ನೂ ಕೊಟ್ಟು, ವರ್ಷವರ್ಷ ಗಬ್ಬ ನಿಲ್ಲುವುದು ಗಿಡ್ಡ. ದೊಡ್ಡ ಮೈಯ ದನಕ್ಕೆ ಅದೇ ಹುಲ್ಲು ಹೊಟ್ಟೆಗೇ ಸಾಲದು, ಇನ್ನು ಕೆಚ್ಚಲಿಗೆಲ್ಲಿ? ಮೊದಲು ಬಡವಾಗುತ್ತದೆ, ಆಮೇಲೆ ಬೆದೆಗೇ ಬರುವುದಿಲ್ಲ. ಹಾಗಾಗಿ ಗಿಡ್ಡಕ್ಕೆ ಗಿಡ್ಡ ಹೋರಿಯೇ ಸರಿ.

ಜೆರ್ಸಿ ಕ್ರಾಸ್ ವಿಷಯ ಬೇರೆ. ಅದರ ಮೈಯಲ್ಲಿ ಅರ್ಧ ಜೆರ್ಸಿ ಇದ್ದರೆ, ಶುದ್ಧ ಜೆರ್ಸಿ ಹೋರಿಯ ಸೆಮನ್ (ವೀರ್ಯ) ಇಂಜೆಕ್ಷನ್ ಕೊಡಿಸಿದಾಗ ಕರು ಮುಕ್ಕಾಲು ಜೆರ್ಸಿ ಆಗುತ್ತದೆ. ಹಾಲು ಬಂದೀತು, ಆದರೆ ಹಸಿರು ಹುಲ್ಲು ಬೆಳೆಸಿ, ಹಿಂಡಿ ಹಾಕಿ, ಕೊಟ್ಟಿಗೆಯಲ್ಲೇ ಸಾಕಬೇಕು. ಉಣುಗಿನಿಂದ ಬರುವ ಜ್ವರವೂ ಇಂಥವಕ್ಕೇ ಜೋರು. ಬ್ಯಾಣಕ್ಕೇ ಬಿಡುವವರಾದರೆ ಕ್ರಾಸ್ ಹೋರಿಯ ಸೆಮನ್ ಕೇಳಿ, ಅರ್ಧ ಅರ್ಧವಾಗಿಯೇ ಉಳಿಯಲಿ. ಸೆಮನ್ ಕಡ್ಡಿಯ ಮೇಲೆ ಹೋರಿಯ ನಂಬರ್ ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಮುಂದೆ ಅದರ ಮಗಳಿಗೆ ಅದೇ ನಂಬರ್ ಬೇಡ.

ಇನ್ನು ಊರಿನ ಗಿಡ್ಡ ಹೋರಿ ನೋಡಲು ಹೋಗುವುದಾದರೆ ಬೇಸಿಗೆಯಲ್ಲಿ ಹೋಗಬೇಡಿ. ಹಿಂಡಿ ತಿಂದು ಮಿರಮಿರ ಅನ್ನುವ ಹೋರಿ ಯಾರ ಕಣ್ಣಿಗೂ ಚೆಂದವೇ. ಆರಿದ್ರಾ, ಪುನರ್ವಸು ಮಳೆ ಹೊತ್ತಿಗೆ ಹೋಗಿ. ಕೆಸರಲ್ಲಿ ನಿಂತು ನಿಂತು ಗೊರಸಿನ ಸಂದು ಹುಣ್ಣಾಗಿದೆಯಾ, ಕಿವಿಯೊಳಗೆ, ಬಾಲದ ಬುಡದಲ್ಲಿ ಉಣುಗು ಮುತ್ತಿವೆಯಾ, ಕೈಯಾಡಿಸಿ ನೋಡಿ. ಏರು ಹತ್ತಿಸಿ, ಇಳಿಸಿ. ಹಿಂಗಾಲು ಎಳೆದು ಹಾಕಿದರೆ ಬಿಟ್ಟುಬಿಡಿ. ವೃಷಣ ಎರಡೂ ಸಮ ಇರಬೇಕು. ತಾಯಿ ಅಲ್ಲೇ ಕೊಟ್ಟಿಗೆಯಲ್ಲಿದ್ದರೆ ಅದರ ಕೆಚ್ಚಲು ನೋಡಿ, ಎಷ್ಟು ಕರು ಹಾಕಿದೆ ಕೇಳಿ. ಆಮೇಲೆ ಕಂದು ರೋಗದ ರಕ್ತಪರೀಕ್ಷೆ ಮಾಡಿಸದೆ ಯಾವ ಹಸುವಿನ ಮೇಲೂ ಬಿಡಬೇಡಿ, ಗಬ್ಬ ಕಂದಿಹೋಗುವ ಆ ಕಾಯಿಲೆ ಮನುಷ್ಯರಿಗೂ ಹತ್ತುತ್ತದೆ.

ಮೂರು ಹಸುವಿಗೋಸ್ಕರ ಒಂದು ಹೋರಿ ಸಾಕುವುದು ದಂಡ. ಕೇರಿಯವರೆಲ್ಲ ಸೇರಿ ಒಂದು ಇಟ್ಟುಕೊಳ್ಳಿ, ಮೂರು ವರ್ಷಕ್ಕೊಮ್ಮೆ, ಅದರ ಮಕ್ಕಳು ಬೆದೆಗೆ ಬರುವ ಮೊದಲೇ, ಪಕ್ಕದೂರಿನ ಹೋರಿಗೆ ಬದಲಾಯಿಸಿಕೊಳ್ಳಿ.